ಅರ್ಧ ಸೆಕೆಂಡ್ ಕಾಯುವ ಟೆಸ್ಟ್

ಎರಡು ಥ್ರೆಡ್‌ಗಳು ಒಂದೇ ಎಣಿಕೆಗೆ ತಲಾ ಒಂದನ್ನು ಕೂಡಿಸಬೇಕು. ಓದು, ಕೂಡು, ಬರೆ: ಪ್ರತಿ ಥ್ರೆಡ್‌ಗೂ ಮೂರು ಹೆಜ್ಜೆ. ಈ ಆರು ಹೆಜ್ಜೆಗಳು 20 ಬಗೆಯಲ್ಲಿ ಹೆಣೆದುಕೊಳ್ಳಬಹುದು. ಸರಿಯುತ್ತರ ಬರುವುದು ಎರಡರಲ್ಲಿ ಮಾತ್ರ. ಆದರೂ ಯೂನಿಟ್ ಟೆಸ್ಟ್ ಓಡಿಸಿದಾಗ ಸಾಮಾನ್ಯವಾಗಿ ಹಸಿರೇ ಕಾಣುತ್ತದೆ. ಎರಡನೆಯ ಥ್ರೆಡ್ ಶುರುವಾಗುವಷ್ಟರಲ್ಲಿ ಮೊದಲನೆಯದರ ಕೆಲಸ ಮುಗಿದಿರುತ್ತದೆ, ಅಷ್ಟೆ.

ಈ ಹಸಿರನ್ನು ಎಷ್ಟು ನಂಬಬಹುದು? ಬರ್ಕ್ಲಿಯ ಟಾಲೆಮಿ ಯೋಜನೆಯ ಅನುಭವವನ್ನು ಎಡ್ವರ್ಡ್ ಲೀ 2006ರ ‘ದ ಪ್ರಾಬ್ಲಮ್ ವಿತ್ ಥ್ರೆಡ್ಸ್’ ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಕೋಡ್ ರಿವ್ಯೂ ನಡೆದಿತ್ತು, ರಾತ್ರಿ ರಾತ್ರಿ ಬಿಲ್ಡ್ ಆಗುತ್ತಿತ್ತು, ಟೆಸ್ಟ್‌ಗಳ ಕವರೇಜ್ ಶೇ 100 ಇತ್ತು. ನಾಲ್ಕು ವರ್ಷ ಯಾವ ತೊಂದರೆಯೂ ಕಾಣಲಿಲ್ಲ. 2004ರ ಏಪ್ರಿಲ್ 26ರಂದು ಆ ಕೋಡ್ ಡೆಡ್‌ಲಾಕ್ ಆಗಿ ನಿಂತಿತು. ಕವರೇಜ್ ಹೇಳುವುದು ಯಾವ ಸಾಲುಗಳು ಓಡಿದವು ಎಂಬುದನ್ನು. ಯಾವ ಸರದಿಯಲ್ಲಿ ಓಡಿದವು ಎಂಬುದು ಅದರ ಲೆಕ್ಕದಲ್ಲೇ ಇಲ್ಲ.

ಇಷ್ಟಾದರೂ ಅಸಿಂಕ್ ಕೋಡ್‌ನ ಟೆಸ್ಟ್‌ಗಳಲ್ಲಿ ಸ್ಲೀಪ್ ಬಳಕೆ ನಿಂತಿಲ್ಲ. ಕೆಲಸ ಆರಂಭಿಸಿ, ಅರ್ಧ ಸೆಕೆಂಡ್ ಮಲಗಿ, ಎದ್ದು ಫಲಿತಾಂಶ ನೋಡುವುದು ಕೆಟ್ಟ ರೂಢಿ. ಸರ್ವರ್‌ನ ಮೇಲೆ ಹೊರೆ ಹೆಚ್ಚಿದ ದಿನ ಅರ್ಧ ಸೆಕೆಂಡ್ ಸಾಲದು. ಉಳಿದ ದಿನ ಅದು ದಂಡ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ 51 ಅಪಾಚೆ ಯೋಜನೆಗಳನ್ನು ಜಾಲಾಡಿ, ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ‘ಫ್ಲೇಕಿ’ ಟೆಸ್ಟ್‌ಗಳನ್ನು ಸರಿಪಡಿಸಿದ ತಿದ್ದುಪಡಿಗಳನ್ನು ಅಭ್ಯಸಿಸಿದರು. ವರ್ಗೀಕರಿಸಿದ ಪ್ರಕರಣಗಳಲ್ಲಿ ಸುಮಾರು ಶೇ 45ರ ಮೂಲ, ಅಸಿಂಕ್ ಕೆಲಸ ಮುಗಿಯುವವರೆಗೆ ಸರಿಯಾಗಿ ಕಾಯದಿರುವುದೇ. ಅಂಥ ಟೆಸ್ಟನ್ನು ಮೂರು ಸಲ ಮರುಓಡಿಸಿ, ಒಮ್ಮೆ ಪಾಸಾದರೆ ಸಾಕು ಎನ್ನುವ ಪದ್ಧತಿ ಇನ್ನೂ ಅಪಾಯಕಾರಿ. ಕೆಂಪು ಬಂದ ಆ ಒಂದು ಓಟವೇ ನಿಜವಾದ ದೋಷದ ಸುಳಿವಾಗಿರಬಹುದು.

ಜಾವಾದ ಕೌಂಟ್‌ಡೌನ್‌ಲ್ಯಾಚ್ ಬಳಸಿ ಕೆಲಸ ಮುಗಿದ ಸೂಚನೆಗೇ ಕಾಯುವುದು ಇದಕ್ಕಿಂತ ಎಷ್ಟೋ ಮೇಲು. ಅವೇಟಿಲಿಟಿ ಲೈಬ್ರರಿಯೂ ಉಪಯುಕ್ತ: ಷರತ್ತು ಈಡೇರಿತೇ ಎಂದು ಮತ್ತೆ ಮತ್ತೆ ನೋಡುತ್ತದೆ, ಈಡೇರಿದೊಡನೆ ಮುಂದೆ ಸಾಗುತ್ತದೆ. ಆದರೆ ಇವೆರಡೂ ಕಾಯುವಿಕೆಯನ್ನು ಸುಧಾರಿಸುತ್ತವೆಯೇ ಹೊರತು ಥ್ರೆಡ್‌ಗಳ ಸರದಿಯನ್ನು ಮುಟ್ಟುವುದಿಲ್ಲ.

ಆ ಕೆಲಸಕ್ಕೆ ಕೈಹಾಕಿದ್ದು ಮೈಕ್ರೋಸಾಫ್ಟ್ ರಿಸರ್ಚ್‌ನ ಚೆಸ್. 2008ರಲ್ಲಿ ಪ್ರಕಟವಾದ ಈ ಸಾಧನ ಥ್ರೆಡ್‌ಗಳ ಸರದಿಯನ್ನು ತಾನೇ ನಿರ್ಧರಿಸಿ, ಒಂದೊಂದೇ ಹೆಣಿಗೆಯನ್ನು ಓಡಿಸಿ ನೋಡುತ್ತಿತ್ತು. ಸಿಕ್ಕ ದೋಷವನ್ನು ಅದೇ ಸರದಿಯಲ್ಲಿ ಮತ್ತೆ ತೋರಿಸುತ್ತಿತ್ತು. ಹತ್ತು ಹತ್ತು ಹೆಜ್ಜೆಯ ಎರಡು ಥ್ರೆಡ್‌ಗಳಿಗೇ 1,84,756 ಹೆಣಿಗೆಗಳಾಗುವುದರಿಂದ, ಥ್ರೆಡ್ಡನ್ನು ನಡುವೆ ತಡೆಯುವ ಸಲಗಳಿಗೆ ಮಿತಿ ಹಾಕಿ ಹುಡುಕುತ್ತಿತ್ತು. ಮಲ್ಟಿಥ್ರೆಡ್ ಟೆಸ್ಟಿಂಗ್‌ಗೆ ತಕ್ಕ ದಾರಿ ಇದೇ.

ಸ್ಲೀಪ್‌ನ ತೊಂದರೆಗೆ ಇನ್ನೊಂದು ಉತ್ತರವೂ ಇದೆ. 2025ರಲ್ಲಿ ಗೋ ಭಾಷೆಯ 1.25ನೇ ಆವೃತ್ತಿಯೊಂದಿಗೆ ಪೂರ್ಣರೂಪದಲ್ಲಿ ಬಂದ ಸಿಂಕ್‌ಟೆಸ್ಟ್ ಪ್ಯಾಕೇಜ್ ಸಮಯವನ್ನೇ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ಟೆಸ್ಟ್‌ನೊಳಗಿನ ಎಲ್ಲ ಗೋರೂಟೀನ್‌ಗಳೂ (ಗೋದ ಹಗುರ ಥ್ರೆಡ್‌ಗಳು) ಕಾಯುತ್ತ ಕುಳಿತಾಗ ಕೃತಕ ಗಡಿಯಾರ ಮುಂದಕ್ಕೆ ಜಿಗಿಯುತ್ತದೆ. ಐದು ನಿಮಿಷದ ಟೈಮ್‌ಔಟ್ ಕ್ಷಣದಲ್ಲಿ ಪರೀಕ್ಷೆಗೊಳಗಾಗುತ್ತದೆ. ನಿಜವಾದ ನೆಟ್‌ವರ್ಕ್‌ಗಾಗಿ ಕಾಯುವ ಕೋಡ್‌ಗೆ ಮಾತ್ರ ಇದು ಒಗ್ಗದು. ಅಲ್ಲಿ ನಕಲಿ ಸಂಪರ್ಕ ಕೊಡಬೇಕಾಗುತ್ತದೆ. ಎಲ್ಲ ಹೆಣಿಗೆಗಳನ್ನು ಹುಡುಕುವ ಉದ್ದೇಶವೂ ಇದಕ್ಕಿಲ್ಲ. ಹಾಗಾಗಿ ಗೋ ತಂಡಗಳು, ಒಂದೇ ಡೇಟಾವನ್ನು ಗೋರೂಟೀನ್‌ಗಳು ಹೊಂದಾಣಿಕೆಯಿಲ್ಲದೆ ಮುಟ್ಟುವುದನ್ನು ಪತ್ತೆಹಚ್ಚುವ ರೇಸ್ ಡಿಟೆಕ್ಟರನ್ನೂ ಜೊತೆಗೆ ಓಡಿಸಲೇಬೇಕು.