ಪರದೆ ಮೇಲಿನ ಅಕ್ಷರ ಯಾರಪ್ಪನ ಮನೆ ಗಂಟು?

ಗುಲ್ಜಾರರ ‘ಕೋಶಿಶ್’ ಬಂದದ್ದು 1972ರಲ್ಲಿ. ಕಿವುಡ-ಮೂಗ ಗಂಡಹೆಂಡಿರ ಕತೆ. ಸಂಜೀವ್ ಕುಮಾರ್, ಜಯಾ ಭಾದುರಿ ಕೈಸನ್ನೆಯಲ್ಲೇ ಸಂಸಾರ ನಡೆಸಿದರು. ಸಂಜೀವ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೆಯ ಚಿತ್ರ, ಇಲ್ಲ ಅನ್ನೋದಿಲ್ಲ. ಆದರೆ ಅವರ ಸುತ್ತಲಿನ ಪಾತ್ರಗಳೆಲ್ಲ ಬಾಯಲ್ಲೇ ಮಾತಾಡುತ್ತವೆ. ಆ ಮಾತು ಕಿವುಡ ಪ್ರೇಕ್ಷಕನಿಗೆ ಮುಟ್ಟುವುದು ಹೇಗೆ? ಬದುಕು ಅವನದು, ಕಣ್ಣೀರು ಮಾತ್ರ ಕಿವಿ ಇದ್ದವರದು. ನಮ್ಮ ಕೇರಿಯ ಮೇಲೆ ಕತೆ ಬರೆದು ಕೇರಿಗೆ ಅಕ್ಷರ ಕೊಡದವರನ್ನು ಕಂಡ ನಮಗೆ ಈ ವ್ಯಾಪಾರ ಹೊಸದಲ್ಲ.

ಮೂಕಿ ಚಿತ್ರಗಳ ಕಾಲದಲ್ಲಿ ಮಾತು ಪರದೆ ಮೇಲೆ ಅಕ್ಷರವಾಗಿ ಬರುತ್ತಿತ್ತು. ಓದಬಲ್ಲ ಕಿವುಡನೂ ಪಕ್ಕದವನೂ ಒಂದೇ ಬೆಂಚಿನವರು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ನಮ್ಮ ‘ಸತಿ ಸುಲೋಚನಾ’ ಬಂದವು. ಚಿತ್ರಕ್ಕೆ ಬಾಯಿ ಬಂತು, ಅಕ್ಷರ ಹೋಯಿತು. ಅಮೆರಿಕದಲ್ಲೂ ಇದೇ ಕತೆ. ಅಲ್ಲಿ ಮೂಕಿ ಚಿತ್ರಗಳಲ್ಲಿ ನಟಿಸಿದ್ದ ಕಿವುಡ ನಟ ಎಮರ್ಸನ್ ರೊಮೆರೊ 1947ರಲ್ಲಿ ಟಾಕಿಗಳ ರೀಲು ಕತ್ತರಿಸಿ, ನಡುನಡುವೆ ಅಕ್ಷರ ಸೇರಿಸಿ ತನ್ನ ಜನಕ್ಕೆ ತೋರಿಸಿದರು. ಯಾರ ಕರುಣೆಗೂ ಕಾಯಲಿಲ್ಲ. ಸರ್ಕಾರದ ಕಾನೂನು ಬಂದದ್ದು ಆಮೇಲೆ, 1958ರಲ್ಲಿ.

ನಮ್ಮಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚಿಯಲ್ಲಿ ನಿಯಮ ತಂದಿತು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಬರುವ ಚಿತ್ರಗಳಿಗೆ 6 ತಿಂಗಳ ಗಡುವು, ಉಳಿದವಕ್ಕೆ 2 ವರ್ಷ. ಒಂದೇ ಭಾಷೆಯ ಕನ್ನಡ ಚಿತ್ರ ನೋಡುವ ಕಿವುಡನಿಗೆ ಮಾತ್ರ ಹೆಚ್ಚು ತಾಳ್ಮೆ ಬೇಕು! ಅಕ್ಷರ ಪರದೆ ಮೇಲೇ ಬರಬೇಕೆಂದೂ ಇಲ್ಲ. ವಿಶೇಷ ಕನ್ನಡಕದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ತೋರಿಸಿದರೂ ನಡೆಯುತ್ತದೆ. ಕಿವುಡನಾದ ಕೂಲಿಯವನು ಆ ಮೊಬೈಲನ್ನು ಎಲ್ಲಿಂದ ತರಬೇಕು? ಹೋಟೆಲಿನ ಬೇರೆ ಲೋಟ ನಮಗೆ ನೆನಪಾಗುತ್ತದೆ. ಅದೂ ಇದೂ ಒಂದೇ ಅಲ್ಲ, ಬಲ್ಲೆವು. ಆದರೆ ‘ನಿನ್ನದು ನಿನಗೆ ಬೇರೆ’ ಅನ್ನುವ ದನಿಯ ಗುರುತು ನಮಗುಂಟು.

‘ಅಕ್ಷರ ಬಂದರೆ ಚಿತ್ರ ಕೆಡುತ್ತೆ’ ಅಂತಾರೆ. ಹೊರದೇಶದ ಚಿತ್ರೋತ್ಸವಕ್ಕೆ ಹೋಗುವ ಕನ್ನಡ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದಲ್ಲ, ಆಗ ಕೆಡುವುದಿಲ್ಲವೇ? ದೂರದ ದೊರೆಗೆ ಅಕ್ಷರ ಉಂಟು, ಊರಿನ ಕಿವುಡನಿಗೆ ಇಲ್ಲ. ಕನ್ನಡ ಅಕ್ಷರ ಬಂದರೆ ಕಿವಿ ಮಂದವಾದ ಅಜ್ಜನಿಗೂ ಹೊಸದಾಗಿ ಓದು ಕಲಿತ ತಾಯಿಗೂ ಲಾಭ.

ಬರೀ ಸಂಭಾಷಣೆ ಬರೆದರೆ ಸಾಲದು. ಬಾಗಿಲು ಬಡಿದ ಸದ್ದು, ದೂರದ ತಮಟೆ, ಮರೆಯಲ್ಲಿ ಅಳುವ ದನಿ, ಇವೂ ಕತೆಯೇ. ಇವನ್ನೂ ಬರೆಯಬೇಕು.

ಮೇಷ್ಟ್ರುಗಳೇ, ಇನ್ನೊಂದು ಮಾತು. ಕಿವುಡ ಮಗುವಿಗೆ ಸನ್ನೆಭಾಷೆಯಲ್ಲಿ ಪಾಠ ಹೇಳದೆ, ಓದು ಕಲಿಸದೆ ಬಿಟ್ಟರೆ ಪರದೆ ಮೇಲಿನ ಅಕ್ಷರ ಅದಕ್ಕೆ ಬರೀ ಗೀಟು. ಶಾಲೆಯ ಹೋರಾಟ, ಟಾಕೀಸಿನ ಹೋರಾಟ ಎರಡೂ ಜೊತೆಗೇ ಸಾಗಬೇಕು.

ಟಿಕೆಟ್ಟಿಗೆ ಎಲ್ಲರಿಂದಲೂ ಒಂದೇ ದುಡ್ಡು ಎಣಿಸಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಕತೆಯನ್ನೂ ಪೂರ್ತಿ ಕೊಡಲಿ. ಕಿವುಡ ಗೆಳೆಯರನ್ನು ಮುಂದಿಟ್ಟುಕೊಂಡು ನಿಮ್ಮೂರಿನ ಟಾಕೀಸಿನವರನ್ನು ಕೇಳಿ: ಕನ್ನಡ ಅಕ್ಷರ ಯಾವಾಗ?