ರಂಗದಲ್ಲಿ ಚಪ್ಪಾಳೆ, ತರಗತಿಯಲ್ಲಿ ಗೇಲಿ

ಬಿ.ಎಸ್. ಲಿಂಗದೇವರು ನಿರ್ದೇಶನದ 'ನಾನು ಅವನಲ್ಲ... ಅವಳು' (2015) ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಚಿತ್ರ. ಗಂಡಾಗಿ ಹುಟ್ಟಿ ತನ್ನೊಳಗಿನ ಹೆಣ್ಣನ್ನು ಕಂಡುಕೊಳ್ಳುವ ಮಾದೇಶನ ಸಂಕಟವನ್ನು ಸಂಚಾರಿ ವಿಜಯ್ ಅಣಕವಾಗದಂತೆ ಅಭಿನಯಿಸಿದರು. ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು.

ಆದರೆ ಆ ಚಿತ್ರ ನಮ್ಮನ್ನು ನಿಜವಾಗಿ ತಟ್ಟಿತೇ ಎಂಬುದು ಟಾಕೀಸಿನಲ್ಲಿ ಅಲ್ಲ, ಶಾಲೆಯಲ್ಲಿ ತಿಳಿಯಬೇಕು. ಕಡಿಯಾಳಿಯ ಸುತ್ತಮುತ್ತ ಯಕ್ಷಗಾನದ ಸ್ತ್ರೀವೇಷಕ್ಕೆ ಚಪ್ಪಾಳೆ ತಟ್ಟುವ ನಾವೇ, ಹೆಣ್ಣಿನ ನಡಿಗೆಯ ಹುಡುಗನನ್ನು ಗೇಲಿ ಮಾಡುತ್ತೇವೆ. ವೇಷ ಬೆಳಗಾದರೆ ಕಳಚುತ್ತದೆ; ಆ ಮಗುವಿನದು ಬದುಕು. ಇಂಥ ಮಕ್ಕಳ ಕುರಿತು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ ರೂಪಿಸಿದ ಕೈಪಿಡಿಯನ್ನೂ 2021ರಲ್ಲಿ, ಆಕ್ಷೇಪ ಬಂದೊಡನೆ, ಜಾಲತಾಣದಿಂದ ತೆಗೆಯಲಾಯಿತು.

ಕೈಪಿಡಿ ಇಲ್ಲದಿದ್ದರೂ ಗೇಲಿಯನ್ನು ತಡೆಯುವ ಒಬ್ಬ ಮಾಸ್ತರರಿದ್ದರೆ ಮಗು ಶಾಲೆ ಬಿಡುವುದಿಲ್ಲ. ಚಿತ್ರ ನೋಡಿ ಕಣ್ಣೊರೆಸಿಕೊಂಡವರು ಅಷ್ಟಾದರೂ ಮಾಡಬೇಡವೇ?