ಅಡುಗೆಮನೆಯ ಅನುಭಾವಿ: ಸೋದರ ಲಾರೆನ್ಸನ ಕಿರುಹೊತ್ತಿಗೆ

ಕ್ರೈಸ್ತ ದೈವಶಾಸ್ತ್ರವೆಂದರೆ ಲ್ಯಾಟಿನ್ ಭಾಷೆಯ ಬೃಹದ್‌ಗ್ರಂಥಗಳು, ಪಂಡಿತರ ವಾದ-ಪ್ರತಿವಾದಗಳು, ಮಹಾಸಭೆಗಳ ನಿರ್ಣಯಗಳು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಪೂರ್ಣವಾಗಿ ತಪ್ಪೇನೂ ಅಲ್ಲ. ಆದರೆ ಆ ಧರ್ಮದ ಶ್ರದ್ಧಾವಂತರು ಮೂರು ಶತಮಾನಗಳಿಂದ ಓದುತ್ತ ಬಂದಿರುವ ಪುಸ್ತಕಗಳಲ್ಲೊಂದು, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಕಿರಿದು. ಅದರಲ್ಲಿ ಮಾತನಾಡುವವನು ಪ್ಯಾರಿಸ್ ನಗರದ ಮಠವೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವನು. ‘ದೇವರ ಸನ್ನಿಧಿಯ ಅಭ್ಯಾಸ’ ಎಂದು ಕನ್ನಡದಲ್ಲಿ ಹೇಳಬಹುದಾದ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಕೃತಿಯನ್ನು ಬಹುಮಂದಿ ಸಮಾಧಾನಕ್ಕಾಗಿ ಓದುತ್ತಾರೆ. ಸಮಾಧಾನವಷ್ಟನ್ನೇ ಪಡೆದು ಪುಸ್ತಕ ಮುಚ್ಚಿದವರು ಅದನ್ನು ಅರ್ಧ ಮಾತ್ರ ಓದಿದಂತೆ.

ನಿಕೊಲಸ್ ಹರ್ಮನ್ ಹುಟ್ಟಿದ್ದು 1614ರ ಸುಮಾರಿನಲ್ಲಿ, ಲೊರೇನ್ ಪ್ರಾಂತದ ಒಂದು ಹಳ್ಳಿಯಲ್ಲಿ. ಹದಿನೆಂಟರ ಪ್ರಾಯದಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತ ಒಂದು ಮರವನ್ನು ಕಂಡು, ಅದು ಮತ್ತೆ ಚಿಗುರಿ ಹೂಬಿಟ್ಟು ಫಲ ಕೊಡುವುದನ್ನು ನೆನೆದಾಗ, ದೇವರ ಶಕ್ತಿಯ ಅರಿವು ಆತನಲ್ಲಿ ಮೂಡಿತಂತೆ. ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕನಾಗಿ ಗಾಯಗೊಂಡ. ಅನಂತರ ಸಿರಿವಂತ ಅಧಿಕಾರಿಯೊಬ್ಬನ ಮನೆಯಲ್ಲಿ ಊಳಿಗ ಮಾಡಿದ. ಮುಟ್ಟಿದ್ದನ್ನೆಲ್ಲ ಒಡೆಯುವ ಒರಟ ತಾನೆಂದು ಆತನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸ್ಸಿನ ವೊಜಿರಾರ್ ಬೀದಿಯ ಬರಿಗಾಲ ಕಾರ್ಮೆಲೈಟರ ಮಠವನ್ನು ಸೇರಿ ಲಾರೆನ್ಸ್ ಎಂಬ ಹೆಸರನ್ನು ಪಡೆದ. ಆತ ಪಾದ್ರಿಯಾಗಲಿಲ್ಲ. ಮಠದ ಮೈಗೆಲಸಗಳಿಗಾಗಿ ಇದ್ದ ಸೋದರರ ವರ್ಗಕ್ಕೆ ಸೇರಿದವನು. ಸುಮಾರು ಹದಿನೈದು ವರ್ಷ ಅಡುಗೆಮನೆ. ಕಾಲಿನ ಬಾಧೆ ಹೆಚ್ಚಿದ ಮೇಲೆ ಪಾದರಕ್ಷೆ ಹೊಲಿಯುವ ಕೊಠಡಿ. ಐವತ್ತು ವರ್ಷಗಳ ಮಠವಾಸದ ಹೊರಗಿನ ಚರಿತ್ರೆ ಇಷ್ಟೇ.

ಕೃತಿಯ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ಇದು ಲಾರೆನ್ಸ್ ಕುಳಿತು ಬರೆದ ಗ್ರಂಥವಲ್ಲ. ಜೋಸೆಫ್ ದ ಬೋಫೋರ್ ಎಂಬ ವಿದ್ವಾಂಸ ಪಾದ್ರಿ 1666ರ ಆಗಸ್ಟ್ 3ರಂದು ಆತನನ್ನು ಮೊದಲ ಬಾರಿಗೆ ಕಂಡು ಮಾತನಾಡಿದ. ಅಂಥ ನಾಲ್ಕು ಸಂಭಾಷಣೆಗಳ ಟಿಪ್ಪಣಿ, ಹದಿನಾರು ಪತ್ರಗಳು, ಕೆಲವು ಸೂತ್ರವಾಕ್ಯಗಳು, ಇವು ಲಾರೆನ್ಸನ ಮರಣಾನಂತರ 1692 ಮತ್ತು 1694ರಲ್ಲಿ ಬೋಫೋರನಿಂದ ಪ್ರಕಟವಾದುವು. ಸಂಭಾಷಣೆಯೆಂದು ಹೆಸರಿದ್ದರೂ ಅಲ್ಲಿ ಪ್ರಶ್ನೋತ್ತರವಿಲ್ಲ. ‘ಆತ ಹೀಗೆಂದ, ಹೀಗೆಂದ’ ಎಂಬ ಪರೋಕ್ಷ ವರದಿಯೇ ಸಾಲುಸಾಲಾಗಿ ಸಾಗುತ್ತದೆ. ಕೇಳಿದವನು ಕಲಿತವನು, ಹೇಳಿದವನು ಕಲಿಯದವನು. ಕಲಿತವನು ತನ್ನ ಪ್ರಶ್ನೆಗಳನ್ನು ಅಳಿಸಿಹಾಕಿ ಕಲಿಯದವನ ಮಾತನ್ನಷ್ಟೇ ಉಳಿಸಿದ್ದಾನೆ. ಈ ಪರೋಕ್ಷ ಕಥನವನ್ನು ನೇರ ಮಾತಾಗಿ ತಿರುಗಿಸಿದ ಅನುವಾದಗಳಲ್ಲಿ ಓಟ ಹೆಚ್ಚುತ್ತದೆ, ಆದರೆ ಬೋಫೋರನ ಈ ವಿನಯ ಕಳೆದುಹೋಗುತ್ತದೆ.

ಹಲವರು ಒಮ್ಮೆಲೇ ಬೇರೆ ಬೇರೆ ವಸ್ತುಗಳಿಗಾಗಿ ಕೂಗುತ್ತಿರುವ ಅಡುಗೆಮನೆಯ ಗದ್ದಲದಲ್ಲಿಯೂ, ಪವಿತ್ರ ಪ್ರಸಾದದ ಮುಂದೆ ಮೊಣಕಾಲೂರಿದಾಗ ಇರುವಷ್ಟೇ ಶಾಂತಿಯಿಂದ ದೇವರೊಡನೆ ಇರುವೆನೆಂಬುದು ಲಾರೆನ್ಸನ ಅತಿ ಪ್ರಸಿದ್ಧವಾದ ಮಾತು. ಇದರಿಂದ ಆತ ಅಡುಗೆಯನ್ನು ಪ್ರೀತಿಸಿದವನೆಂದು ಓದುಗರು ಭಾವಿಸುತ್ತಾರೆ. ಪುಸ್ತಕ ಹೇಳುವುದು ಅದಕ್ಕೆ ವಿರುದ್ಧವಾದುದನ್ನು. ಅಡುಗೆ ಕೆಲಸವೆಂದರೆ ಆತನಿಗೆ ಸಹಜವಾಗಿಯೇ ಬಹಳ ಜುಗುಪ್ಸೆಯಿತ್ತು. ಒಮ್ಮೆ ಮಠಕ್ಕಾಗಿ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ತಿಳಿಯದು, ಕಾಲು ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಾಯಿತು. ಇದು ನಿನ್ನದೇ ಕೆಲಸವೆಂದು ದೇವರಿಗೊಪ್ಪಿಸಿದ. ಕೆಲಸ ಹೇಗೋ ಚೆನ್ನಾಗಿಯೇ ಮುಗಿಯಿತೆನ್ನುತ್ತಾನೆ. ಈ ನಗೆಗೆ ಹಿಂದೆ ಕತ್ತಲೆಯೂ ಉಂಟು. ತನಗೆ ನರಕವೇ ಗತಿಯೆಂದು ನಂಬಿ ನಾಲ್ಕು ವರ್ಷ ನರಳಿದ್ದನ್ನೂ, ಮೊದಲ ಹತ್ತು ವರ್ಷ ಬಹಳ ಸಂಕಟಪಟ್ಟದ್ದನ್ನೂ ಆತ ಮುಚ್ಚಿಡುವುದಿಲ್ಲ. ಪಾತ್ರೆಗಳ ನಡುವಣ ಶಾಂತಿ ಆ ಹತ್ತು ವರ್ಷಗಳ ಆಚೆ ಬಂದದ್ದು. ಅವನ್ನು ಬಿಟ್ಟು ಶಾಂತಿಯನ್ನು ಮಾತ್ರ ಎತ್ತಿ ಹೇಳಿದರೆ ಕೃತಿ ಹಗುರಾಗುತ್ತದೆ.

ವಚನಗಳನ್ನು ಬಲ್ಲ ವಿದ್ಯಾರ್ಥಿಗೆ ಇಲ್ಲಿ ‘ಇದು ಕಾಯಕವೇ’ ಎನ್ನಿಸುವುದು ಸಹಜ. ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗದಲ್ಲಿ ಗಳಿಕೆಯಿದೆ, ಅದರ ಮಿತಿಯಿದೆ, ದಾಸೋಹವಿದೆ. ಅಲ್ಲಿ ದುಡಿಮೆಗೇ ಒಂದು ಸಮಾಜನೀತಿಯುಂಟು. ಲಾರೆನ್ಸನಿಗೆ ಗಳಿಸುವುದಕ್ಕೂ ಇಲ್ಲ, ಹಂಚುವುದಕ್ಕೂ ಇಲ್ಲ. ಕೆಲಸ ಹಿರಿಯರು ಹೇಳಿದ್ದು, ನಾಳೆ ಬದಲಾಗಬಹುದಾದ್ದು. ನೆಲದ ಮೇಲಿನ ಒಂದು ಕಡ್ಡಿಯನ್ನು ದೇವರ ಪ್ರೀತಿಗಾಗಿ ಎತ್ತಿದರೂ ಸಾಕೆನ್ನುವವನಿಗೆ ಕಡ್ಡಿಯೂ ಒಂದೇ, ಕಡಾಯಿಯೂ ಒಂದೇ. ಆತನಲ್ಲಿ ಪೂಜೆಯಾಗುವುದು ಕೆಲಸವಲ್ಲ, ಕೆಲಸದ ನಡುವೆ ತಪ್ಪದ ನೋಟ. ಎರಡನ್ನೂ ಒಂದೆಂದರೆ ಲಾರೆನ್ಸನಿಗೂ ಶರಣರಿಗೂ ಅನ್ಯಾಯವಾಗುತ್ತದೆ.

ಆತನ ಮಾತಿನ ಬೇರು ಆತನ ಪಂಥದಲ್ಲಿಯೇ ಇದೆ. ಬರಿಗಾಲ ಕಾರ್ಮೆಲೈಟ್ ಸುಧಾರಣೆಯನ್ನು 1562ರಲ್ಲಿ ಸ್ಪೇನಿನ ಆವಿಲಾದಲ್ಲಿ ಆರಂಭಿಸಿದ ಸಂತ ತೆರೇಸಾ, ಅಡುಗೆಯ ಕೆಲಸಕ್ಕೆ ಹಚ್ಚಿದರೆಂದು ಬೇಸರಪಡಬೇಡಿ, ದೇವರು ಅಲ್ಲಿಯೂ ಪಾತ್ರೆಗಳ ನಡುವೆ ಓಡಾಡುತ್ತಾನೆ ಎಂಬರ್ಥದ ಬುದ್ಧಿಮಾತನ್ನು ತನ್ನ ಸೋದರಿಯರಿಗೆ ಬರೆದಿದ್ದಾಳೆ. ಆಕೆಗೆ ಅದು ಹಲವು ಉಪದೇಶಗಳಲ್ಲಿ ಒಂದು. ಲಾರೆನ್ಸನಿಗೆ ಬದುಕೆಲ್ಲ ಅದೇ.

ಓದಿನ ವಿಷಯದಲ್ಲಿ ಕೃತಿ ಓದುಗನನ್ನೇ ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ದೇವರನ್ನು ಸೇರುವ ವಿಧಾನಗಳನ್ನು ಹಲವು ಪುಸ್ತಕಗಳಲ್ಲಿ ಓದಿ, ಅವು ಗೊಂದಲವನ್ನೇ ಹೆಚ್ಚಿಸಿದವೆಂದು ಬಿಟ್ಟುಬಿಟ್ಟೆನೆಂದು ಲಾರೆನ್ಸ್ ಒಂದು ಪತ್ರದಲ್ಲಿ ಹೇಳುತ್ತಾನೆ. ಪುಸ್ತಕಗಳನ್ನು ಬಿಟ್ಟವನ ಮಾತು ಪುಸ್ತಕವಾಗಿ, ಅದೂ ‘ಅಭ್ಯಾಸ’ವೆಂಬ ವಿಧಾನಸೂಚಕ ಹೆಸರಿನಿಂದ, ಮಾರಾಟವಾಗುತ್ತಿದೆ! ಆದರೆ ಇದನ್ನು ಓದಿನ ನಿರಾಕರಣೆಯೆಂದು ತಿಳಿಯಲಾಗದು. ಆತ ಬಿಟ್ಟದ್ದು ಓದಿ, ತೂಗಿ ನೋಡಿದ ಮೇಲೆ. ಓದದೆಯೇ ಬಿಟ್ಟವರು ಆತನ ಹೆಸರನ್ನು ಸಾಕ್ಷಿಗೆ ಕರೆಯಬಾರದು.

ಈ ಸರಳತೆಯೂ ವಿವಾದದಿಂದ ಪಾರಾಗಲಿಲ್ಲ. ಆತ್ಮ ನಿಶ್ಚೇಷ್ಟವಾಗಿ ದೇವರಿಗೆ ಒಪ್ಪಿಸಿಕೊಂಡರೆ ಸಾಕೆಂಬ ಮೌನಪಂಥದ ಕಲಹ ಫ್ರಾನ್ಸಿನಲ್ಲಿ ಆಗ ಏರಿತ್ತು. ಲಾರೆನ್ಸನನ್ನು ಕಂಡಿದ್ದ ಫೆನೆಲೋನ್ ತನ್ನ ಪಕ್ಷಕ್ಕೆ ಆತನ ಮಾತನ್ನು ಆಧಾರವಾಗಿ ಬಳಸಿದ. 1699ರಲ್ಲಿ ಫೆನೆಲೋನನ ಗ್ರಂಥದ ಇಪ್ಪತ್ತಮೂರು ವಾಕ್ಯಗಳನ್ನು ರೋಮ್ ಖಂಡಿಸಿತು. ಅಡುಗೆಯವನ ಪುಸ್ತಕ ಸ್ವದೇಶದಲ್ಲಿ ಮಂಕಾಯಿತು. ಅದನ್ನು ಉಳಿಸಿಕೊಂಡವರಲ್ಲಿ ಪ್ರಾಟೆಸ್ಟಂಟರೇ ಮುಂದು. ಇಂಗ್ಲೆಂಡಿನ ಜಾನ್ ವೆಸ್ಲಿ ತನ್ನ ‘ಕ್ರಿಶ್ಚಿಯನ್ ಲೈಬ್ರರಿ’ ಮಾಲೆಯಲ್ಲಿ ಅದಕ್ಕೆ ಎಡೆಕೊಟ್ಟ.

ಕೃತಿಯಲ್ಲಿ ಒಪ್ಪಲಾಗದ ಭಾಗವೊಂದಿದೆ. ರೋಗಪೀಡಿತರಿಗೆ ಬರೆದ ಪತ್ರಗಳಲ್ಲಿ ಲಾರೆನ್ಸ್ ನೋವು ತೊಲಗಲೆಂದು ಪ್ರಾರ್ಥಿಸುವುದಿಲ್ಲ, ಸಹಿಸುವ ಬಲವನ್ನು ಬೇಡುತ್ತಾನೆ. ಇದು ಉದಾತ್ತವಾದುದು. ಆದರೆ ದೇವರಿಗಿಂತ ಔಷಧಿಯನ್ನು ಹೆಚ್ಚು ನಂಬಿದ್ದರಿಂದಲೇ ಗುಣವಾಗುವುದು ತಡವಾಗುತ್ತದೆಂದೂ ಸೂಚಿಸುತ್ತಾನೆ. ಹದಿನೇಳನೆಯ ಶತಮಾನದ ವೈದ್ಯ ರಕ್ತ ಹರಿಸುವುದು, ಭೇದಿ ಮಾಡಿಸುವುದಕ್ಕಿಂತ ಹೆಚ್ಚೇನೂ ಮಾಡಲಾರದವನಾಗಿದ್ದ. ಆ ಕಾಲಕ್ಕೆ ಈ ಸಲಹೆಯಿಂದ ಹಾನಿ ಅಷ್ಟಿರಲಿಲ್ಲವೇನೋ. ಇಂದು ಅದನ್ನು ಹಾಸಿಗೆ ಹಿಡಿದವರ ಕೈಗೆ ವಿವರಣೆಯಿಲ್ಲದೆ ಕೊಡುವುದು ಅಪಾಯ. ನೋವನ್ನು ಪ್ರೇಮದ ಗುರುತೆಂದು ನೋಯುವವನು ತನಗೆ ತಾನು ಹೇಳಿಕೊಳ್ಳಬಹುದು. ಹೊರಗಿನವನೊಬ್ಬ ಅದನ್ನು ಹೇಳತೊಡಗಿದರೆ ಮಾತಿನ ಬೆಲೆಯೇ ಬೇರೆಯಾಗುತ್ತದೆ.

ಲಾರೆನ್ಸ್ ಹೊರಗಿನವನಾಗಿರಲಿಲ್ಲ ಎಂಬುದಂತೂ ನಿಜ. ಆ ಪತ್ರಗಳನ್ನು ಬರೆದದ್ದು ಕಾಲಿನ ಬಾಧೆಯಿಂದ ವರ್ಷಗಟ್ಟಲೆ ನರಳಿದ ಮುದುಕ. ಕೊನೆಯ ಪತ್ರದ ತಾರೀಖು 1691ರ ಫೆಬ್ರವರಿ 6. ಕೆಲವೇ ದಿನಗಳಲ್ಲಿ ದೇವರನ್ನು ಕಾಣುವ ಕೃಪೆ ದೊರೆಯಬಹುದೆಂದು ಆತ ಅದರಲ್ಲಿ ಆಶಿಸಿದ್ದಾನೆ. ಫೆಬ್ರವರಿ 12ರಂದು ತೀರಿಕೊಂಡ.